ಯಕೃತ್ತಿನ ಗಾಯದ ಕಲೆ ಮತ್ತು ಸ್ಥಿತಿಸ್ಥಾಪಕ ತಂತು

'ಸ್ಥಿತಿಸ್ಥಾಪಕ' ಎಂಬ ಶಬ್ದವು ಭೌತವಿಜ್ಞಾನದ ಪಠ್ಯಪುಸ್ತಕಗಳಿಗಾಗಿ ಹೊಸದಾಗಿ ಟಂಕಿಸಿದ್ದಲ್ಲ. ತರ್ಕಶಾಸ್ತ್ರವನ್ನು ಅಭ್ಯಾಸ ಮಾಡಿದವರಿಗೆ ಅದು ಸುಪರಿಚಿತವಾದದ್ದು. ಅನ್ನಂಭಟ್ಟನು 'ತರ್ಕಸಂಗ್ರಹ'ದಲ್ಲಿ ಸಂಸ್ಕಾರವೆಂಬ ಗುಣವನ್ನು ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ಮೂರು ಬಗೆಯಾಗಿ ವಿಂಗಡಿಸಿ, ಮೂರನೆಯದಕ್ಕೆ ಚಾಪೆಯೇ ಮೊದಲಾದವುಗಳನ್ನು ಆಶ್ರಯವಾಗಿ ಹೇಳಿದ್ದಾನೆ. ಬಹುಕಾಲ ಸುತ್ತಿಟ್ಟ ಚಾಪೆಯನ್ನು ಹಾಸಿ ಕೈಬಿಟ್ಟರೆ ಅದು ಮತ್ತೆ ಸುರುಳಿಯಾಗುವುದನ್ನು ಯಾರು ತಾನೆ ಕಂಡಿಲ್ಲ? ಬೇರೆ ರೂಪಕ್ಕೆ ತಂದ ವಸ್ತುವನ್ನು ಪೂರ್ವಸ್ಥಿತಿಗೆ ಒಯ್ಯುವುದೇ ಈ ಗುಣದ ಲಕ್ಷಣ. ಇದೇ ಗುಣವುಳ್ಳ ತಂತುವೊಂದು ನಮ್ಮ ಶರೀರದಲ್ಲಿಯೂ ಉಂಟು. ಆದರೆ ಯಕೃತ್ತಿನ ವ್ಯಾಧಿಯಲ್ಲಿ ಅದು ಅಂಗದ ಪೂರ್ವಸ್ಥಿತಿಯನ್ನಲ್ಲ, ವಿಕೃತಿಯನ್ನೇ ಸ್ಥಿರಗೊಳಿಸಲು ನೆರವಾಗುತ್ತದೆ. ಈ ವೈಚಿತ್ರ್ಯವನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಯಕೃತ್ತು ಉದರದ ಬಲಭಾಗದಲ್ಲಿ, ವಪೆಯ ಕೆಳಗೆ ಇರುವ, ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ಮೃದುವಾದ ಅಂಗ. ಆರೋಗ್ಯವಂತರಲ್ಲಿ ಅದರ ಮೂರನೆಯ ಎರಡು ಭಾಗವನ್ನು ಕತ್ತರಿಸಿ ತೆಗೆದರೂ ಉಳಿದ ಭಾಗವು ಬೆಳೆದು ನಷ್ಟವನ್ನು ತುಂಬಿಕೊಳ್ಳಬಲ್ಲದು. ಇಂತಹ ಅಂಗವೂ ಮದ್ಯ, ಹೆಪಟೈಟಿಸ್ ಬಿ ಮತ್ತು ಸಿ ವೈರಸ್ಸುಗಳು, ಅತಿಯಾದ ಕೊಬ್ಬಿನ ಸಂಚಯ ಮುಂತಾದ ಕಾರಣಗಳಿಂದ ವರ್ಷಗಟ್ಟಲೆ ಪೆಟ್ಟು ತಿನ್ನುತ್ತಿದ್ದರೆ ಮಾಯುವ ಬದಲು ಕಲೆಗಟ್ಟತೊಡಗುತ್ತದೆ.

ಈ ಕಲೆಯನ್ನು ನೇಯುವವು ಯಾವುವು? ಜರ್ಮನಿಯ ಕುಪ್ಫರ್ ಎಂಬ ವಿದ್ವಾಂಸನು 1876ರಲ್ಲಿ ಯಕೃತ್ತಿನೊಳಗೆ ನಕ್ಷತ್ರಾಕಾರದ ಜೀವಕೋಶಗಳನ್ನು ವರ್ಣಿಸಿದನು. ಸಹಜ ಸ್ಥಿತಿಯಲ್ಲಿ ಇವು 'ಎ' ಜೀವಸತ್ತ್ವವನ್ನು ಕೊಬ್ಬಿನ ಹನಿಗಳಲ್ಲಿ ಕೂಡಿಟ್ಟುಕೊಂಡು ಶಾಂತವಾಗಿರುತ್ತವೆ. ಯಕೃತ್ತಿಗೆ ಹಾನಿಯಾದಾಗ ಆ ಸಂಗ್ರಹವನ್ನು ಕಳೆದುಕೊಂಡು, ರೂಪಾಂತರ ಹೊಂದಿ, ಕೊಲಾಜೆನ್ ಎಂಬ ಗಟ್ಟಿಯಾದ ತಂತುವನ್ನು ಹೇರಳವಾಗಿ ಸ್ರವಿಸತೊಡಗುತ್ತವೆ. ಕಲೆಯ ಬಹುಭಾಗ ಈ ಕೊಲಾಜೆನ್ನೇ. ಅದರ ಜೊತೆಗೆ ಕಾಲಕ್ರಮದಲ್ಲಿ ಸೇರಿಕೊಳ್ಳುವುದು ಇಲಾಸ್ಟಿನ್ ಎಂಬ ಪ್ರೋಟೀನಿನಿಂದಾದ ಸ್ಥಿತಿಸ್ಥಾಪಕ ತಂತು.

ಈ ತಂತುವಿನ ಸಹಜವಾದ ನೆಲೆ ಧಮನಿಗಳ ಭಿತ್ತಿ, ಶ್ವಾಸಕೋಶ ಮತ್ತು ಚರ್ಮ. ಹೃದಯದ ಪ್ರತಿಯೊಂದು ಬಡಿತಕ್ಕೂ ಹಿಗ್ಗುವ ಮಹಾಧಮನಿಯನ್ನು ಮತ್ತೆ ಕುಗ್ಗಿಸುವುದು ಇದೇ. ಇಲಾಸ್ಟಿನ್ನಿನ ಬಿಡಿ ಅಣುಗಳನ್ನು ಒಂದಕ್ಕೊಂದು ಬೆಸೆಯುವ ಕಿಣ್ವವೊಂದಿದೆ. ಅದು ಕೆಲಸ ಮಾಡಲು ತಾಮ್ರದ ಅಂಶ ಬೇಕು. ಒಮ್ಮೆ ಬೆಸುಗೆಯಾದ ತಂತು ಸುಲಭವಾಗಿ ಕರಗುವುದಿಲ್ಲ. ನಮ್ಮ ಧಮನಿಗಳಲ್ಲಿರುವ ಇಲಾಸ್ಟಿನ್ನಿನ ಹೆಚ್ಚಿನ ಪಾಲು ಗರ್ಭದಲ್ಲಿಯೂ ಬಾಲ್ಯದಲ್ಲಿಯೂ ನಿರ್ಮಿತವಾಗಿ ದಶಕಗಳ ಕಾಲ ಬಾಳುವಂಥದು. ಆರೋಗ್ಯಕರವಾದ ಯಕೃತ್ತಿನಲ್ಲಿ ಅದು ರಕ್ತನಾಳಗಳ ಸುತ್ತಮುತ್ತ ಮಾತ್ರ ಅಲ್ಪ ಪ್ರಮಾಣದಲ್ಲಿರುತ್ತದೆ. ಅಂತಹ ಚಿರಂಜೀವಿ ತಂತು ಕಲೆಯೊಳಗೆ ಹೊಕ್ಕರೆ ಆ ಕಲೆಯನ್ನು ಕರಗಿಸುವುದು ಕಷ್ಟವಾಗುತ್ತದೆ ಎಂಬುದು ತಜ್ಞರ ಅಭಿಪ್ರಾಯ.

ಇಲ್ಲೊಂದು ಸಂದೇಹ ಏಳಬಹುದು: ಸ್ಥಿತಿಸ್ಥಾಪಕ ತಂತು ಹೆಚ್ಚಿದರೆ ಯಕೃತ್ತು ರಬ್ಬರಿನಂತೆ ಮೆದುವಾಗಬೇಕಲ್ಲವೆ? ಹಾಗಾಗುವುದಿಲ್ಲ. ಅದರ ಸುತ್ತ ದಟ್ಟವಾಗಿ ಹೆಣೆದುಕೊಂಡ ಕೊಲಾಜೆನ್ನೇ ಅಂಗವನ್ನು ಬಿಗಿಗೊಳಿಸುತ್ತದೆ. ಇಲಾಸ್ಟೋಗ್ರಫಿ ಎಂಬ ಪರೀಕ್ಷೆಯು ಅಳೆಯುವುದೂ ಈ ಒಟ್ಟು ಬಿಗಿತವನ್ನೇ ಹೊರತು, ಹೆಸರನ್ನು ಕೇಳಿ ಭಾವಿಸಬಹುದಾದಂತೆ, ಇಲಾಸ್ಟಿನ್ನಿನ ಪ್ರಮಾಣವನ್ನಲ್ಲ.

ಸ್ಥಿತಿಸ್ಥಾಪಕ ತಂತು ತಡವಾಗಿ ಬರುವುದರಿಂದ ರೋಗನಿರ್ಣಯಕ್ಕೆ ಒಂದು ಉಪಕಾರವೂ ಆಗಿದೆ. ತೀವ್ರವಾದ ಕಾಮಾಲೆಯಲ್ಲಿ ಜೀವಕೋಶಗಳು ಒಮ್ಮೆಲೆ ಸತ್ತು ಯಕೃತ್ತಿನ ಚೌಕಟ್ಟು ಕುಸಿದರೆ, ಸೂಕ್ಷ್ಮದರ್ಶಕದಲ್ಲಿ ಅದು ಹಳೆಯ ಕಲೆಯಂತೆಯೇ ತೋರಬಹುದು. ಆಗ ತಜ್ಞರು ಆರ್ಸೀನ್ ಎಂಬ ಬಣ್ಣವನ್ನು ಹಾಕಿ ನೋಡುತ್ತಾರೆ. ಮೂಲತಃ ಕಲ್ಲುಹೂವಿನ ಜಾತಿಯ ಜೀವಿಗಳಿಂದ ತೆಗೆದ ಈ ಬಣ್ಣ ಸ್ಥಿತಿಸ್ಥಾಪಕ ತಂತುಗಳಿಗೆ ಹಿಡಿಯುತ್ತದೆ. ತಂತುಗಳು ಕಾಣದಿದ್ದರೆ ಅದು ಇತ್ತೀಚಿನ ಕುಸಿತ. ಕಂಡರೆ ಬಹುಕಾಲದ ಕಲೆ. ಮರದ ವಯಸ್ಸನ್ನು ಅದರ ಬಳೆಗಳು ಹೇಳುವಂತೆ ಕಲೆಯ ವಯಸ್ಸನ್ನು ಈ ತಂತು ಸೂಚಿಸುತ್ತದೆ.

ಹಾಗಾದರೆ ಕಲೆ ಮಾಯುವುದೇ ಇಲ್ಲವೆ? ಹಾಗೆನ್ನಲಾಗದು. ಕಲೆಗಟ್ಟಿ ಗಂಟುಗಂಟಾದ ಯಕೃತ್ತಿಗೆ ಫ್ರಾನ್ಸಿನ ಲಾಯೆನೆಕ್ 1819ರಲ್ಲಿ 'ಸಿರೋಸಿಸ್' ಎಂದು ಹೆಸರಿಟ್ಟನು. ಕಂದು ಹಳದಿ ಎಂಬರ್ಥದ ಗ್ರೀಕ್ ಶಬ್ದವೇ ಅದರ ಮೂಲ. ಅದು ಹಿಂದಿರುಗದ ಸ್ಥಿತಿಯೆಂದೇ ಬಹುಕಾಲ ನಂಬಲಾಗಿತ್ತು. ಆದರೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೆಪಟೈಟಿಸ್ ಬಿ ರೋಗದಿಂದ ಸಿರೋಸಿಸ್ ಆಗಿದ್ದ 96 ಮಂದಿಗೆ ಐದು ವರ್ಷ ಟೆನೋಫೋವಿರ್ ಔಷಧವನ್ನಿತ್ತ ಬಳಿಕ 71 ಮಂದಿಯಲ್ಲಿ ಸಿರೋಸಿಸ್ ಉಳಿದಿರಲಿಲ್ಲ. ಪೆಟ್ಟು ನಿಂತರೆ ಶರೀರವೇ ಕಲೆಯನ್ನು ಬಿಚ್ಚತೊಡಗುತ್ತದೆ. ಭಕ್ಷಕ ಕೋಶಗಳು ಸ್ರವಿಸುವ ಒಂದು ಕಿಣ್ವ ಇಲಾಸ್ಟಿನ್ನನ್ನೂ ಕತ್ತರಿಸಬಲ್ಲದೆಂದು, ಅದಿಲ್ಲದ ಇಲಿಗಳಲ್ಲಿ ಇಲಾಸ್ಟಿನ್ ಹೆಚ್ಚು ಸಂಚಯವಾಗುತ್ತದೆಂದು 2012ರಲ್ಲಿ ತಿಳಿದುಬಂದಿತು. ತಂತುಗಳ ಬೆಸುಗೆಯನ್ನೇ ತಡೆಯಲು ಹೊರಟ ಸಿಮ್ಟುಜುಮಾಬ್ ಎಂಬ ಔಷಧವಾದರೋ ಕೊಬ್ಬಿನ ಯಕೃತ್ತಿನ ರೋಗಿಗಳಲ್ಲಿ ಫಲ ನೀಡಲಿಲ್ಲವೆಂದು 2018ರಲ್ಲಿ ವರದಿಯಾಯಿತು. ಬಿಗಿದ ಗಂಟನ್ನು ಬಿಚ್ಚುವುದಕ್ಕಿಂತ ಗಂಟು ಬೀಳದಂತೆ ನೋಡಿಕೊಳ್ಳುವುದೇ ಲೇಸು.

ಯಕೃತ್ತಿನ ಕಲೆ ಆರಂಭದಲ್ಲಿ ನೋಯುವುದಿಲ್ಲ. ಕಾಲು ಊದಿ, ಹೊಟ್ಟೆಯಲ್ಲಿ ನೀರು ತುಂಬುವ ಹೊತ್ತಿಗೆ ಬಹಳ ಕಾಲ ಸಂದಿರುತ್ತದೆ. ಇದು ಕುಡುಕರಿಗೆ ಮಾತ್ರ ಬರುವ ರೋಗವೆಂಬ ಭಾವನೆಯೂ ತಪ್ಪು. ಮಧುಮೇಹ ಮತ್ತು ಸ್ಥೂಲಕಾಯವುಳ್ಳವರು ಮದ್ಯವನ್ನು ಮುಟ್ಟದಿದ್ದರೂ ಇದಕ್ಕೆ ಗುರಿಯಾಗಬಲ್ಲರು. ಆದುದರಿಂದ ಅಂಥವರು ಯಕೃತ್ತಿನ ಪರೀಕ್ಷೆ ಮಾಡಿಸಿಕೊಳ್ಳುವುದು, ಮದ್ಯವನ್ನು ದೂರವಿಡುವುದು, ನವಜಾತ ಶಿಶುವಿಗೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸುವುದು ಅವಶ್ಯ. ಉಪಾಧ್ಯಾಯರು ಈ ಮಾತನ್ನು ತರಗತಿಯಲ್ಲಿಯೂ ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಗಳಲ್ಲಿಯೂ ತಿಳಿಯಹೇಳಿದರೆ, ಕಲೆ ಹಳತಾಗುವ ಮುನ್ನವೇ ಕೆಲವರಾದರೂ ವೈದ್ಯರ ಬಳಿಗೆ ಹೋದಾರು.