ರೋಡ್‌ಕಿಂಗೋ, ಆರ್‌ಡಿ 350ಯೋ?

ಪ್ರಶ್ನೆ: ಪೀಣ್ಯದಲ್ಲಿ ಟರ್ನರ್ ಆಗಿದ್ದೇನೆ. ಅಪ್ಪನ ಹತ್ತಿರ ಯೆಜ್ಡಿ ಇತ್ತು, ತಂಗಿಯ ಮದುವೆಗೆ ಮಾರಿದರು. ಈಗ ಹಳೇ ಗಾಡಿಯೊಂದಕ್ಕೆ ದುಡ್ಡು ಕೂಡಿಟ್ಟಿದ್ದೇನೆ. ಯೆಜ್ಡಿ ರೋಡ್‌ಕಿಂಗ್ ಸಿಗುತ್ತಿದೆ. ಆದರೆ ಆಸೆ ರಾಜ್‌ದೂತ್ ಆರ್‌ಡಿ 350 ಮೇಲೆ. ಅದಕ್ಕೆ ದುಪ್ಪಟ್ಟು ಕೇಳುತ್ತಾರೆ. ‘ಮುಂದೆ ರೇಟು ಏರುತ್ತೆ, ಸಾಲ ಮಾಡಿಯಾದರೂ ತಗೋ’ ಅನ್ನುತ್ತಾರೆ ಗೆಳೆಯರು. ಹೆಂಡತಿ ಮಾತು ಬಿಟ್ಟಿದ್ದಾಳೆ. ಏನು ಮಾಡಲಿ?
– ಓದುಗ, ನಾಗಸಂದ್ರ

ಉತ್ತರ: ಸಾಲ ಬೇಡ. ರೋಡ್‌ಕಿಂಗ್ ತಗೊಳ್ಳಿ.

ನಿಮ್ಮ ಆಸೆ ಸುಳ್ಳಲ್ಲ. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಆರ್‌ಡಿಯನ್ನು ತಂದಾಗ ನಮ್ಮ ರಸ್ತೆಯಲ್ಲಿ ಅದಕ್ಕೆ ಸಾಟಿಯೇ ಇರಲಿಲ್ಲ. 347 ಸಿಸಿ, ಎರಡು ಸಿಲಿಂಡರ್, ಆರು ಗೇರು. ಹೈ ಟಾರ್ಕ್ ಮಾದರಿಯಲ್ಲಿ 30.5 ಅಶ್ವಶಕ್ತಿ. ರೋಡ್‌ಕಿಂಗ್‌ನದು 250 ಸಿಸಿ, ನಾಲ್ಕು ಗೇರು, 16 ಅಶ್ವಶಕ್ತಿ. ಓಟದಲ್ಲಿ ಹೋಲಿಕೆಯೇ ಇಲ್ಲ. ಆದರೆ ಜಪಾನಿನ ಆರ್‌ಡಿಗೆ ಮುಂದೆ ಡಿಸ್ಕ್ ಬ್ರೇಕ್ ಇತ್ತು, ನಮ್ಮಲ್ಲಿ ಡ್ರಮ್ ಹಾಕಿದರು. ತುಮಕೂರು ರಸ್ತೆಯ ಲಾರಿಗಳ ನಡುವೆ ಇದನ್ನು ಮರೆಯಬೇಡಿ.

ಗಾಡಿ ಕೊಂಡ ಮೇಲೆ ಅದನ್ನು ಬದುಕಿಸಿಕೊಳ್ಳುವುದೇ ದೊಡ್ಡ ಕೆಲಸ. ಆರ್‌ಡಿಯಲ್ಲಿ ಆಯಿಲ್‌ಗೆ ಬೇರೆ ಟ್ಯಾಂಕ್, ಬೇರೆ ಪಂಪ್. ಪಂಪ್ ಕೈಕೊಟ್ಟರೆ ಪಿಸ್ಟನ್ ಸೀಜ್ ಆಗುತ್ತದೆ. ಎರಡು ಸಿಲಿಂಡರಿನ ಕ್ರ್ಯಾಂಕ್ ಬಿಚ್ಚಿ ಕೂಡಿಸುವುದು ಎಲ್ಲರ ಕೈಗೂ ಬರುವ ಕೆಲಸವಲ್ಲ. ರೋಡ್‌ಕಿಂಗ್‌ಗೆ ಪಂಪೇ ಇಲ್ಲ, ಪೆಟ್ರೋಲಿಗೇ ಆಯಿಲ್ ಬೆರೆಸುತ್ತೀರಿ. ಎರಡು ಸೈಲೆನ್ಸರ್ ಇದ್ದರೂ ಇರುವುದು ಒಂದೇ ಸಿಲಿಂಡರ್. ಬೋರಿಂಗ್, ಹೋನಿಂಗ್ ಎಲ್ಲ ನಿಮ್ಮ ಪೀಣ್ಯದಲ್ಲೇ ಆಗುತ್ತದೆ. ಬುಷ್ ಬೇಕಾದರೆ ನೀವೇ ಲೇತ್‌ನಲ್ಲಿ ತಿರುಗಿಸಿಕೊಳ್ಳಬಲ್ಲಿರಿ. ಹಳೇ ಗಾಡಿ ಇಟ್ಟುಕೊಂಡವನಿಗೆ ಇದಕ್ಕಿಂತ ದೊಡ್ಡ ಭಾಗ್ಯ ಬೇಕೆ!

ಗೇರ್ ಲಿವರನ್ನು ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ ಅದರಲ್ಲೇ ಕಿಕ್ ಹೊಡೆಯುವುದನ್ನು ನಿಮ್ಮಪ್ಪ ನಿಮಗೆ ತೋರಿಸಿಯೇ ಇರುತ್ತಾರೆ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಬಂದ ಗಾಡಿಯನ್ನು ಉಳಿಸಿಕೊಳ್ಳುವುದು ಕನ್ನಡ ನಾಡಿನ ಕೈಕೆಲಸವೊಂದನ್ನು ಉಳಿಸಿಕೊಂಡಂತೆ ಎಂದು ನಾನು ಮನಸಾರೆ ನಂಬುತ್ತೇನೆ.

ರೇಟು ಏರುತ್ತದೆಂಬ ಮಾತಿಗೆ ಗ್ಯಾರಂಟಿ ಕೊಡುವವರು ಯಾರೂ ಇಲ್ಲ, ಸಾಲದ ಕಂತು ಮಾತ್ರ ತಿಂಗಳು ತಿಂಗಳು ತಪ್ಪದೆ ಬರುತ್ತದೆ. ವಿಂಟೇಜ್ ಎಂದು ಬೆಲೆ ಬಂದೀತು ಅಂದುಕೊಂಡರೂ, 2021ರ ಕೇಂದ್ರದ ನಿಯಮದಂತೆ ವಿಂಟೇಜ್ ನೋಂದಣಿ ಸಿಗಬೇಕಾದರೆ ಗಾಡಿಗೆ 50 ವರ್ಷ ದಾಟಿರಬೇಕು. ಮೊದಲ ವರ್ಷದ ಆರ್‌ಡಿಗೂ ಅದು 2033ರ ಮಾತು. ಅಲ್ಲಿಯವರೆಗೆ ಐದು ವರ್ಷಕ್ಕೊಮ್ಮೆ ಎಫ್‌ಸಿ, ಹಸಿರು ತೆರಿಗೆ ತಪ್ಪಿದ್ದಲ್ಲ.

ನಿಮ್ಮ ಮನೆಯವರ ಸಿಟ್ಟು ಗಾಡಿಯ ಮೇಲಲ್ಲ, ಸಾಲದ ಮೇಲೆ ಅನ್ನಿಸುತ್ತದೆ. ಸಾಲ ಮಾಡುವುದಿಲ್ಲ ಎಂದು ಇವತ್ತೇ ಹೇಳಿಬಿಡಿ. ಗಾಡಿ ನೋಡಲು ಅವರನ್ನೂ ಕರೆದುಕೊಂಡು ಹೋಗಿ, ಹಿಂದೆ ಕೂರಿಸಿಕೊಂಡು ಒಂದು ರೌಂಡ್ ಹೊಡೆದು ಬನ್ನಿ.

ಅಡ್ವಾನ್ಸ್ ಕೊಡುವ ಮುಂಚೆ ಆರ್‌ಸಿ ಕೈಯಲ್ಲಿ ಹಿಡಿದು ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಒಂದೊಂದೇ ಅಂಕಿ ತಾಳೆ ನೋಡಿ. ಅಕ್ಷರ ಸೊಟ್ಟಗಿದ್ದರೆ, ಆ ಜಾಗದಲ್ಲಿ ಉಜ್ಜಿದ ಗುರುತಿದ್ದರೆ, ‘ಆರ್‌ಸಿ ಆಮೇಲೆ ಮಾಡಿಸಿಕೊಡ್ತೀನಿ’ ಅಂದರೆ, ಗಾಡಿ ಎಷ್ಟೇ ಮಿಂಚುತ್ತಿರಲಿ, ವಾಪಸ್ ಬಂದುಬಿಡಿ.