ತರಗತಿಯ ಕಂಪ್ಯೂಟರ್: ಅನುಕೂಲತೆ ಮತ್ತು ಖಾಸಗಿತನ

ಹೊಸಂಗಡಿ ಪರಿಸರದ ಕನ್ನಡ ಮಾಧ್ಯಮ ಅಧ್ಯಾಪಕರು ದಿನವೊಂದರಲ್ಲಿ ಮೂರು ಲಿಪಿಗಳೊಡನೆ ವ್ಯವಹರಿಸುತ್ತಾರೆ. ಪಾಠಟಿಪ್ಪಣಿ ಕನ್ನಡದಲ್ಲಿ, ಸುತ್ತೋಲೆ ಹೆಚ್ಚಾಗಿ ಮಲಯಾಳದಲ್ಲಿ, ಕಂಪ್ಯೂಟರ್ ಕೇಳುವ ಪ್ರಶ್ನೆ ಇಂಗ್ಲಿಷಿನಲ್ಲಿ. ಮೂರನೆಯದನ್ನು ಪೂರ್ತಿ ಓದದೆ ‘ಅಲೋ’ ಎಂಬುದನ್ನು ಒತ್ತುವ ರೂಢಿ ನಮ್ಮಲ್ಲಿ ಅನೇಕರಿಗಿದೆ. ಆ ರೂಢಿಯನ್ನು ಬದಲಿಸುವುದು ಈ ಲೇಖನದ ಆಶಯ.

ಕೆಲವು ವರ್ಷಗಳ ಹಿಂದೆ ಶಾಲೆಯೊಂದರಲ್ಲಿ ನಾನು ಮಾದರಿ ಪಾಠವನ್ನು ನೀಡುತ್ತಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ವಾಟ್ಸಾಪ್ ತೆರೆದೇ ಇತ್ತು. ಪ್ರೊಜೆಕ್ಟರಿನ ಪರದೆಯ ಮೂಲೆಯಲ್ಲಿ ಸಂದೇಶವೊಂದು ಮೂಡಿತು. ಅದೇ ತರಗತಿಯ ಬಾಲಕನೊಬ್ಬನ ಮನೆಯ ಕಷ್ಟವನ್ನು ಹೆಸರು ಸಹಿತ ತಿಳಿಸಿ ನೆರವು ಕೋರಿದ ಸಂದೇಶವದು. ಮೂರು ನಾಲ್ಕು ಕ್ಷಣಗಳಲ್ಲಿ ಮರೆಯಾಯಿತು, ಆದರೆ ಮಕ್ಕಳು ಓದಿಯಾಗಿತ್ತು. ಪಾಠ ಮುಗಿಯುವವರೆಗೂ ಆ ಬಾಲಕ ತಲೆಯೆತ್ತಲಿಲ್ಲ. ತಪ್ಪು ಯಂತ್ರದ್ದಲ್ಲ, ನನ್ನದು.

ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆಯು 2017ರಲ್ಲಿ ‘ಕೈಟ್’ ಸಂಸ್ಥೆಯಾಯಿತು. ಹೈಟೆಕ್ ಯೋಜನೆಯ ಮೂಲಕ 8ರಿಂದ 12ರವರೆಗಿನ 45,000 ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್‌ಗಳು ಬಂದವು. ಅವುಗಳಲ್ಲಿರುವುದು ಉಬುಂಟು ಆಧಾರಿತ ಸ್ವತಂತ್ರ ತಂತ್ರಾಂಶ. ಒಂದೇ ಯಂತ್ರವನ್ನು ಹಲವು ಅಧ್ಯಾಪಕರೂ ಮಕ್ಕಳೂ ಬಳಸುವುದರಿಂದ ಅದು ಬೀಗವಿಲ್ಲದ ಸ್ಟಾಫ್‌ರೂಮಿನ ಕಪಾಟಿನಂತಾಗಬಾರದು.

ಕಲಿಕಾ ಸಾಧನೆಗಳು
• ಕನ್ನಡ, ಮಲಯಾಳ ಕೀಲಿಮಣೆಗಳನ್ನು ಬದಲಿಸಿ ಬಳಸುವುದು.
• ಪ್ರದರ್ಶನದ ವೇಳೆ ಖಾಸಗಿ ಮಾಹಿತಿಯನ್ನು ಕಾಪಾಡುವುದು.
• ಅನುಮತಿಯ ಪ್ರಶ್ನೆಗಳನ್ನು ಓದಿ ನಿರ್ಧರಿಸುವುದು.

1. ಭಾಷೆಯ ಅನುಕೂಲತೆ
ಇನ್‌ಸ್ಕ್ರಿಪ್ಟ್ ಕೀಲಿಮಣೆಯ ವಿನ್ಯಾಸವು ಭಾರತೀಯ ಲಿಪಿಗಳಿಗೆ ಬಹುಮಟ್ಟಿಗೆ ಸಮಾನವಾದುದು. ಕನ್ನಡದ ‘ಕ’ ಇರುವ ಕೀಲಿಯಲ್ಲಿಯೇ ಮಲಯಾಳದ ‘ಕ’ ಕೂಡ ಇದೆ. ಒಂದನ್ನು ಕಲಿತವರಿಗೆ ಇನ್ನೊಂದು ಸುಲಭ. ಸೆಟ್ಟಿಂಗ್ಸ್‌ನ ಕೀಲಿಮಣೆ ವಿಭಾಗದಲ್ಲಿ ಎರಡನ್ನೂ ಸೇರಿಸಿಕೊಂಡರೆ, ಸೂಪರ್ ಕೀಲಿ (ವಿಂಡೋಸ್ ಚಿಹ್ನೆಯಿರುವ ಕೀಲಿ) ಹಾಗೂ ಸ್ಪೇಸ್ ಒತ್ತಿ ಭಾಷೆ ಬದಲಿಸಬಹುದು. ಉಬುಂಟು, ವಿಂಡೋಸ್ ಎರಡರಲ್ಲಿಯೂ ಇದೇ ಕ್ರಮ.

2. ಪ್ರೊಜೆಕ್ಟರ್ ಹಚ್ಚುವ ಮೊದಲು
ಸೂಚನಾ ಸಂದೇಶಗಳನ್ನು ತಡೆಯುವ ‘ಡು ನಾಟ್ ಡಿಸ್ಟರ್ಬ್’ ಅನ್ನು ಚಾಲೂ ಮಾಡಬೇಕು. ಸೂಪರ್ ಮತ್ತು ಪಿ ಒತ್ತಿ ‘ವಿಸ್ತರಿಸಿದ’ ಪರದೆಯನ್ನು ಆಯ್ದರೆ, ನಾವು ಅತ್ತ ಸರಿಸಿದ ಕಿಟಕಿ ಮಾತ್ರ ಮಕ್ಕಳಿಗೆ ಕಾಣುತ್ತದೆ. ಅಂಕಪಟ್ಟಿ ನಮ್ಮ ಪರದೆಯಲ್ಲಿಯೇ ಉಳಿಯುತ್ತದೆ. ಆಸನ ಬಿಟ್ಟೇಳುವಾಗ ಸೂಪರ್ ಮತ್ತು ಎಲ್ ಒತ್ತಿ ಪರದೆಗೆ ಬೀಗ ಹಾಕಬೇಕು. ಮಕ್ಕಳ ಬಳಕೆಗೆ ಪ್ರತ್ಯೇಕ ಬಳಕೆದಾರ ಖಾತೆಯಿರಲಿ.

ಬ್ರೌಸರಿನ ಖಾಸಗಿ ಕಿಟಕಿಯನ್ನು ಮುಚ್ಚಿದಾಗ ಅದರಲ್ಲಿ ನೋಡಿದ ಪುಟಗಳ ಇತಿಹಾಸ ಯಂತ್ರದಲ್ಲಿ ಉಳಿಯುವುದಿಲ್ಲ. ಆದರೆ ಇಳಿಸಿಕೊಂಡ ಕಡತಗಳು ಉಳಿಯುತ್ತವೆ. ಜಾಲಸೇವೆ ಒದಗಿಸುವವರಿಂದಲೂ ಅದು ನಮ್ಮನ್ನು ಮರೆಮಾಡುವುದಿಲ್ಲ.

3. ಟ್ಯಾಬ್ಲೆಟ್‌ನ ಅನುಮತಿಗಳು
ಮೊದಲು ಟ್ಯಾಬ್ಲೆಟ್‌ನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ನೋಡಿ. ಆಂಡ್ರಾಯ್ಡ್‌ನಲ್ಲಿ ಈ ಸೌಲಭ್ಯವಿದೆ. ಕ್ಯಾಮೆರಾ, ಮೈಕ್, ಸ್ಥಳ ಎಂಬ ಮಾತುಗಳು ಕನ್ನಡದಲ್ಲಿ ಬಂದಾಗ ಪ್ರಶ್ನೆಯ ಅರ್ಥ ಸ್ಪಷ್ಟವಾಗುತ್ತದೆ. ಪದ್ಯ ಓದಿಸುವ ಆ್ಯಪ್‌ಗೆ ನಮ್ಮ ಸ್ಥಳ ಏಕೆ ಬೇಕು ಎಂಬ ಸಂಶಯ ಆಗ ತಾನಾಗಿಯೇ ಮೂಡುತ್ತದೆ. 2020ರ ಆಂಡ್ರಾಯ್ಡ್ 11ರಿಂದ ‘ಈ ಬಾರಿ ಮಾತ್ರ’ ಎಂಬ ಆಯ್ಕೆ ಇದೆ. ಸಂದೇಹವಿದ್ದಲ್ಲಿ ಅದೇ ಲೇಸು. ಆಂಡ್ರಾಯ್ಡ್ 12ರಿಂದ ಮೈಕ್ ಅಥವಾ ಕ್ಯಾಮೆರಾ ಬಳಕೆಯಲ್ಲಿರುವಾಗ ಪರದೆಯ ಮೇಲ್ಭಾಗದಲ್ಲಿ ಹಸಿರು ಗುರುತು ಕಾಣಿಸುತ್ತದೆ.

ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಸ್ಥಳ ದಾಖಲಾತಿ ಚಾಲೂ ಇದ್ದರೆ, ಚಿತ್ರದ ಕಡತದೊಳಗೆ ತೆಗೆದ ಜಾಗವೂ ಸೇರುತ್ತದೆ. ಮಕ್ಕಳ ಚಿತ್ರ ತೆಗೆಯುವ ಮುನ್ನ ಇದನ್ನು ನಿಲ್ಲಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರು ಮಕ್ಕಳು. ಅವರ ದತ್ತಾಂಶದ ಬಳಕೆಗೆ ಪಾಲಕರ ಸಮ್ಮತಿ ಬೇಕೆಂಬುದು ಅದರ ಸಾಮಾನ್ಯ ತತ್ತ್ವ. ಆದ್ದರಿಂದ ಶಾಲೋತ್ಸವದ ಚಿತ್ರವನ್ನು ಗುಂಪಿನಲ್ಲಿ ಹಂಚುವಾಗಲೂ ಪಾಲಕರನ್ನು ಕೇಳುವುದು ಯುಕ್ತ.

ತರಗತಿ ಚಟುವಟಿಕೆ (40 ನಿಮಿಷ)
ಮಕ್ಕಳನ್ನು ನಾಲ್ವರ ಗುಂಪುಗಳಾಗಿಸಿ. ಹೆಸರು, ಮನೆಯ ವಿಳಾಸ, ಅಂಕ, ಕಾಯಿಲೆ, ಮೆಚ್ಚಿನ ಆಟ, ತಂದೆಯ ಫೋನ್ ಸಂಖ್ಯೆ ಎಂಬ ಚೀಟಿಗಳನ್ನು ನೀಡಿ. ಬರಿಯ ಪದಗಳು ಸಾಕು, ಯಾರ ನಿಜ ಮಾಹಿತಿಯನ್ನೂ ಬರೆಸಬಾರದು. ‘ಎಲ್ಲರಿಗೂ’, ‘ಅಧ್ಯಾಪಕರಿಗೆ ಮಾತ್ರ’, ‘ಮನೆಯೊಳಗೆ ಮಾತ್ರ’ ಎಂದು ವಿಂಗಡಿಸಲಿ. ಗುಂಪುಗಳ ನಡುವೆ ಭಿನ್ನಾಭಿಪ್ರಾಯ ಬಂದರೆ ಕಾರಣ ಹೇಳಿಸಿ. ಒಂದೇ ಉತ್ತರಕ್ಕೆ ಒತ್ತಾಯಿಸುವುದು ಬೇಡ.

ಸ್ವಯಂ ಮೌಲ್ಯಮಾಪನ
• ಇಂದು ನಾನು ಬಳಸಿದ ಶಾಲಾ ಯಂತ್ರದಲ್ಲಿ ನನ್ನ ಯಾವ ಖಾತೆ ತೆರೆದೇ ಉಳಿದಿದೆ?
• ನನ್ನ ಟ್ಯಾಬ್ಲೆಟ್‌ನಲ್ಲಿ ಸ್ಥಳ ತಿಳಿಯುವ ಅನುಮತಿ ಪಡೆದಿರುವ ಆ್ಯಪ್‌ಗಳು ಯಾವುವು? ಅವುಗಳಲ್ಲಿ ಎಷ್ಟಕ್ಕೆ ಅದರ ಅಗತ್ಯವಿದೆ?
• ಪರದೆಯಲ್ಲಿ ನಾನು ತೋರಿಸಿದ ಪಟ್ಟಿಯಲ್ಲಿ ನನ್ನ ಮಗುವಿನ ಹೆಸರಿದ್ದರೆ ನನಗೆ ಹೇಗೆನಿಸುತ್ತಿತ್ತು?

ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಸೆಟ್ಟಿಂಗ್ಸ್‌ನಲ್ಲಿ ದೊರೆಯುತ್ತದೆ. ಮೂರನೆಯದನ್ನು ಪ್ರತಿ ಪಾಠಕ್ಕೆ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.