ರೈಲು ಮತ್ತು ಹಡಗಿನಲ್ಲಿ ಶ್ರೀಲಂಕಾಕ್ಕೆ ಹೋಗುವುದು ಹೇಗೆ?



ವಿದೇಶ ಪ್ರವಾಸ ಅಂದ ಕೂಡಲೇ ನಮಗೆಲ್ಲಾ ವಿಮಾನ ನೆನಪಿಗೆ ಬರುತ್ತದೆ. ಆದರೆ ವಿಮಾನ ಹತ್ತದೆ, ಸ್ವಂತ ಕಾರೂ ಇಲ್ಲದೆ ಬೇರೆ ದೇಶಕ್ಕೆ ಹೋಗಬಹುದು. ನಮ್ಮ ನೆರೆಯ ಶ್ರೀಲಂಕಾ ಇದಕ್ಕೆ ಉದಾಹರಣೆ. ಸಮಾಜ ಪಾಠದ ಮೇಷ್ಟ್ರು ನನಗೆ, "ಮೈಸೂರಿನಿಂದ ಕೊಲಂಬೊಗೆ ರೈಲು, ಹಡಗಿನಲ್ಲೇ ಹೋಗುವ ಯೋಜನೆ ಬರೆದುಕೊಂಡು ಬಾ" ಅಂತ ಹೇಳಿದ್ದರು. ಆಗ ನಾನು ತಿಳಿದುಕೊಂಡ ವಿಷಯಗಳನ್ನು ಇಲ್ಲಿ ಬರೆದಿದ್ದೇನೆ.

ಹಿಂದಿನ ಕಾಲದ ದಾರಿ

1914ರಲ್ಲಿ ಪಾಂಬನ್ ರೈಲು ಸೇತುವೆ ತೆರೆಯಿತು. ಅಂದಿನಿಂದ ಮದ್ರಾಸಿನ ಎಗ್ಮೋರ್‌ನಲ್ಲಿ ರೈಲು ಹತ್ತಿದವರು ಸಮುದ್ರದ ಮೇಲಿನ ಸೇತುವೆ ದಾಟಿ ಧನುಷ್ಕೋಡಿಗೆ ಬರುತ್ತಿದ್ದರು. ಅಲ್ಲಿ ಉಗಿಹಡಗು ಹತ್ತಿ ಲಂಕೆಯ ತಲೈಮನ್ನಾರ್‌ನಲ್ಲಿ ಇಳಿಯುತ್ತಿದ್ದರು. ಅಲ್ಲಿಂದ ಮತ್ತೆ ರೈಲಿನಲ್ಲಿ ಕೊಲಂಬೊ. ಹಡಗಿಗೆ ಕೂಡಿಸುವ ಈ ರೈಲನ್ನು ಜನ "ಬೋಟ್ ಮೇಲ್" ಅಂತ ಕರೆಯುತ್ತಿದ್ದರು.

1964ರ ಡಿಸೆಂಬರ್ 22ರ ರಾತ್ರಿ ಭಾರೀ ಚಂಡಮಾರುತ ಬಂತು. ಪಾಂಬನ್‌ನಿಂದ ಧನುಷ್ಕೋಡಿಗೆ ಹೋಗುತ್ತಿದ್ದ ಪ್ಯಾಸೆಂಜರ್ ರೈಲನ್ನು ಸಮುದ್ರ ನುಂಗಿತು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಧನುಷ್ಕೋಡಿ ಊರೇ ಹಾಳಾಯಿತು. ಆಮೇಲೆ ಹಡಗು ರಾಮೇಶ್ವರದಿಂದ ಹೊರಡುತ್ತಿತ್ತು. ಶ್ರೀಲಂಕಾದಲ್ಲಿ ಯುದ್ಧ ಶುರುವಾದ ಮೇಲೆ 1980ರ ದಶಕದಲ್ಲಿ ಅದೂ ನಿಂತುಹೋಯಿತು.

ಈಗಿನ ದಾರಿ

ತಮಿಳುನಾಡಿನ ನಾಗಪಟ್ಟಣದಿಂದ ಶ್ರೀಲಂಕಾದ ಕಂಕೇಸನ್‌ತುರೈಗೆ 2023ರ ಅಕ್ಟೋಬರ್ 14ರಂದು ಪ್ರಯಾಣಿಕರ ಹಡಗು ಶುರುವಾಯಿತು. ಸ್ವಲ್ಪ ದಿನದಲ್ಲೇ ನಿಂತು, 2024ರ ಆಗಸ್ಟ್ 16ರಿಂದ "ಶಿವಗಂಗೈ" ಎಂಬ ಹಡಗಿನಿಂದ ಮತ್ತೆ ಆರಂಭವಾಯಿತು. ಇದರಲ್ಲಿ ಸುಮಾರು 150 ಜನ ಕೂರಬಹುದು. ಕಾರು ಇದ್ದವರೂ ಅದನ್ನು ಇದರಲ್ಲಿ ಹಾಕಿಕೊಂಡು ಹೋಗುವ ಹಾಗಿಲ್ಲ! ನನ್ನ ಯೋಜನೆಯ ಹಂತಗಳು ಹೀಗಿವೆ:

1. ಮೈಸೂರಿನಿಂದ ಬೆಂಗಳೂರು, ತಿರುಚಿರಾಪಳ್ಳಿ ಮೇಲೆ ಹೋಗುವ ರಾತ್ರಿ ರೈಲಿನಲ್ಲಿ ತಂಜಾವೂರಿಗೆ.

2. ಅಲ್ಲಿಂದ ಬೇರೆ ರೈಲಿನಲ್ಲಿ ತಿರುವಾರೂರು ಮೇಲೆ ನಾಗಪಟ್ಟಣಕ್ಕೆ.

3. ನಾಗಪಟ್ಟಣದಿಂದ ಹಡಗು. ದೂರ ಸುಮಾರು 110 ಕಿ.ಮೀ., ಸುಮಾರು 4 ಗಂಟೆ ಪ್ರಯಾಣ.

4. ಕಂಕೇಸನ್‌ತುರೈನಿಂದ ಜಾಫ್ನಾ ಮೇಲೆ ಕೊಲಂಬೊಗೆ ರೈಲು. ಸುಮಾರು 400 ಕಿ.ಮೀ.

ಈ ನಾಲ್ಕನೇ ಹಂತದ ಹಳಿಗೂ ಒಂದು ಕಥೆ ಇದೆ. ಯುದ್ಧದ ಕಾರಣ 1990ರಲ್ಲಿ ಜಾಫ್ನಾಕ್ಕೆ ರೈಲು ನಿಂತಿತು, ಹಳಿಗಳೂ ಹಾಳಾದವು. ಯುದ್ಧ 2009ರಲ್ಲಿ ಮುಗಿಯಿತು. ನಮ್ಮ ದೇಶದ ಇರ್ಕಾನ್ ಸಂಸ್ಥೆ ಹಳಿ ಹಾಕಿಕೊಟ್ಟಿತು. 2014ರಲ್ಲಿ ಜಾಫ್ನಾಕ್ಕೂ, 2015ರಲ್ಲಿ ಕಂಕೇಸನ್‌ತುರೈಗೂ ರೈಲು ಮತ್ತೆ ಬಂತು. ನಮ್ಮ ಬ್ರಾಡ್‌ಗೇಜ್ ಹಳಿಯೂ ಅವರ ಹಳಿಯೂ ಒಂದೇ ಅಗಲ, 5 ಅಡಿ 6 ಅಂಗುಲ. ಗಡಿಯಾರದ ಸಮಯವೂ ಒಂದೇ. ನಡುವೆ ಸಮುದ್ರ ಮಾತ್ರ ಇದೆ.

ನಾನು ಮಾಡಿದ ತಪ್ಪು

ನಾನು ಮೈಸೂರಿನಿಂದ ಶುರು ಮಾಡಿ ಬರೆದಿದ್ದೆ. ಭಾನುವಾರ ರೈಲು, ಸೋಮವಾರ ಮಧ್ಯಾಹ್ನ ಹಡಗು, ಮಂಗಳವಾರ ಕೊಲಂಬೊ. ಎಲ್ಲಾ ಚೆನ್ನಾಗಿ ಕೂಡಿಕೊಂಡಿದೆ ಅಂತ ಖುಷಿಯಲ್ಲಿದ್ದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ ಬರೆದರು: "ಆ ದಿನ ಹಡಗು ಇಲ್ಲದಿದ್ದರೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಮನೆಯಲ್ಲಿ ಅಜ್ಜಿಗೆ ಹೇಳಿದೆ. ಅಜ್ಜಿ ನಕ್ಕು, "ಸಂತೆಗೆ ಹೋಗೋರು ವಾಪಸ್ ಬರೋ ಕೊನೇ ಬಸ್ಸು ಎಷ್ಟೊತ್ತಿಗೆ ಅಂತ ಮೊದ್ಲು ಕೇಳ್ಕೋತಾರೆ ಕಣೆ. ನೀನು ಸಮುದ್ರ ದಾಟೋಳು ಕೇಳ್ಕೋಬೇಡ್ವಾ?" ಅಂದರು. ಆಗ ಗೊತ್ತಾಯಿತು. ರೈಲು ತಪ್ಪಿದರೆ ಇನ್ನೊಂದು ರೈಲು ಅಥವಾ ಬಸ್ಸು ಸಿಗುತ್ತದೆ. ಹಡಗು ತಪ್ಪಿದರೆ ಬೇರೆ ದಾರಿ ಇಲ್ಲ. ಆದ್ದರಿಂದ ಮೊದಲು ಹಡಗಿನ ದಿನ ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ರೈಲು ಹುಡುಕಬೇಕು. ಯೋಜನೆಯನ್ನು ಪೂರ್ತಿ ಹೊಡೆದುಹಾಕಿ ಹೊಸದಾಗಿ ಬರೆದೆ.

ಗಮನಿಸಬೇಕಾದ ಅಂಶಗಳು

* ಪಾಸ್‌ಪೋರ್ಟ್ ಇರಬೇಕು. ಶ್ರೀಲಂಕಾ ಸರ್ಕಾರದ ಪ್ರವೇಶ ಅನುಮತಿಯನ್ನು ಮುಂಚೆಯೇ ಪಡೆಯಬೇಕು.

* ಹಡಗಿನ ಹಿಂದಿನ ದಿನವೇ ನಾಗಪಟ್ಟಣ ಸೇರಿ ತಂಗಬೇಕು. ರೈಲು ತಡವಾದರೆ ಹಡಗು ಕಾಯುವುದಿಲ್ಲ. ಬಂದರಿನಲ್ಲಿ ಪಾಸ್‌ಪೋರ್ಟ್, ಸಾಮಾನು ಎಲ್ಲಾ ತಪಾಸಣೆ ಮಾಡುತ್ತಾರೆ.

* ಆ ಕರಾವಳಿಗೆ ಹಿಂಗಾರಿನಲ್ಲಿ ಗಾಳಿಮಳೆ ಜಾಸ್ತಿ. 2024ರ ಹಿಂಗಾರಿನಲ್ಲಿ ನಿಂತ ಹಡಗು 2025ರ ಫೆಬ್ರವರಿಯಲ್ಲಿ ಮತ್ತೆ ಹೊರಟಿತು. ಆದ್ದರಿಂದ ನವೆಂಬರ್, ಡಿಸೆಂಬರ್ ಬಿಟ್ಟು ಬೇರೆ ತಿಂಗಳು ಆರಿಸುವುದು ಒಳ್ಳೆಯದು.

* 2025ರ ನವೆಂಬರ್‌ನಲ್ಲಿ ದಿತ್ವಾ ಚಂಡಮಾರುತದಿಂದ ಶ್ರೀಲಂಕಾದ ರೈಲು ದಾರಿಗಳು ಹಲವು ಕಡೆ ಹಾಳಾದವು. ಹೊರಡುವ ಮುಂಚೆ ಅಲ್ಲಿಯ ರೈಲಿನ ಬಗ್ಗೆಯೂ ವಿಚಾರಿಸಬೇಕು. ರೈಲು ಇಲ್ಲದಿದ್ದರೆ ಬಸ್ಸಿನಲ್ಲಿ ಹೋಗಬೇಕು.

* ಅವರದ್ದೂ ರೂಪಾಯಿಯೇ, ಆದರೆ ನಮ್ಮ ರೂಪಾಯಿ ಬೇರೆ, ಅವರದ್ದು ಬೇರೆ. ಹಣ ಬದಲಾಯಿಸಬೇಕು.

* ವಾಪಸ್ ಬರುವ ಹಡಗೂ ನಿಲ್ಲಬಹುದು. ಎರಡು ದಿನದ ಖರ್ಚಿಗೆ ಹಣವನ್ನೂ, ಎರಡು ದಿನದ ರಜವನ್ನೂ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಪರೀಕ್ಷೆಯ ಹಿಂದಿನ ದಿನ ಬಂದು ಸೇರುತ್ತೇನೆ ಅಂತ ಹೋಗಲೇಬಾರದು!

ನಾನು ಇನ್ನೂ ಸಮುದ್ರ ನೋಡಿಲ್ಲ. ಆದರೆ ಸಮುದ್ರಕ್ಕೆ ನಮ್ಮ ವೇಳಾಪಟ್ಟಿ ಗೊತ್ತಿಲ್ಲ, ನಾವೇ ಅದರ ವೇಳೆ ತಿಳಿದುಕೊಂಡು ಹೊರಡಬೇಕು ಅಂತ ಈ ಯೋಜನೆಯಿಂದ ಕಲಿತೆ. ಎರಡನೇ ಸಲ ಬರೆದಾಗ ಮೇಷ್ಟ್ರು "ಇನ್ನು ಹೋಗಿ ಬರಬಹುದು" ಅಂತ ಬರೆದು ಸಹಿ ಹಾಕಿದರು.

ಪ್ರಶ್ನೆಗಳು (ಉತ್ತರ ಬರೆದು ಮೇಷ್ಟ್ರಿಗೆ ತೋರಿಸಿ)

1. "ಬೋಟ್ ಮೇಲ್" ಎಂದರೇನು?

2. ಯೋಜನೆ ಮಾಡುವಾಗ ರೈಲಿಗಿಂತ ಮೊದಲು ಹಡಗಿನ ದಿನವನ್ನು ಏಕೆ ನೋಡಬೇಕು?

3. ನಕಾಶೆಯಲ್ಲಿ ತಂಜಾವೂರು, ನಾಗಪಟ್ಟಣ, ಜಾಫ್ನಾ, ಕೊಲಂಬೊ ಗುರುತಿಸಿ.

ಬರೆದವಳು: 7ನೇ ತರಗತಿ ವಿದ್ಯಾರ್ಥಿನಿ